ಹೊರಗಿನಿಂದ ಬಂದ ಕಲ್ಲು

ಅವಳಿಗೆ ಕಿಡಿಯಕ್ಕ ಎಂದು ಹೆಸರಿಟ್ಟವರು ಆಕಾಶದ ಕಿಡಿಗಳನ್ನು ನೋಡಿ ಇಟ್ಟರೋ, ಅವಳ ಬಾಯಿಂದ ಉದುರುವ ಕಿಡಿಗಳನ್ನು ನೋಡಿ ಇಟ್ಟರೋ, ಅವಳು ದುಡಿಯುವ ಖಗೋಳ ಸಂಸ್ಥೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಎರಡಕ್ಕೂ ಬೇಕಾದಷ್ಟು ಸಾಕ್ಷಿಯಿದೆ. ಕೋಪ ಅವಳಿಗೆ ಮೂಗಿನ ತುದಿಯಲ್ಲಿ. ಲಿಫ್ಟ್ ತಡವಾದರೆ ಕೋಪ, ಕುರ್ಚಿ ಕಿರುಗುಟ್ಟಿದರೆ ಕೋಪ, ಚಹಾ ಆರಿದ್ದರೆ ಕೋಪ, ಬಿಸಿಯಿದ್ದು ನಾಲಗೆ ಸುಟ್ಟರೆ ಇನ್ನೂ ಕೋಪ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಅವಳ ಕೋಪ ಬಹುಮಟ್ಟಿಗೆ ನ್ಯಾಯದ ಪಕ್ಷದಲ್ಲೇ ಇರುತ್ತಿತ್ತು. ಕೂಗಾಡಿದ ಮೇಲೆ ವಿಚಾರಿಸಿ ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು. ಹಾಗಾಗಿ ಮೊದಲು ವಿಚಾರಿಸಬೇಕು ಎಂಬ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು.

ಅವಳ ಕೆಲಸ ಎಲ್ಲರೂ ಮಾಡುವಂಥದ್ದಲ್ಲ. ಒಮ್ಮೊಮ್ಮೆ ಹುಣ್ಣಿಮೆಯ ಚಂದ್ರನನ್ನೂ ಮಂಕಾಗಿಸುವ ಬೆಂಕಿಯುಂಡೆಯೊಂದು ಆಕಾಶದಲ್ಲಿ ಹೊತ್ತಿಕೊಂಡು ಹಾದುಹೋಗುತ್ತದಲ್ಲ, ಅದು ಎಲ್ಲಿಂದ ಬಂತು, ಎಲ್ಲಿ ಬಿತ್ತು ಎಂದು ಹುಡುಕುವುದು. ಕಲ್ಲು ಸಿಕ್ಕಿದರೆ ಸಾಲದು. ಅಪ್ಪ ಅಮ್ಮ ಯಾರೆಂದು ತಿಳಿಯದ ಅಂಥ ಕಲ್ಲುಗಳು ಸಂಗ್ರಹಾಲಯಗಳಲ್ಲಿ ರಾಶಿ ಬಿದ್ದಿವೆ. ಅದು ಉರಿಯುತ್ತ ಬಂದ ದಾರಿಯನ್ನು ಕಡಿಮೆಯೆಂದರೆ ಎರಡು ಬೇರೆ ಬೇರೆ ಜಾಗಗಳಿಂದ ಯಾರಾದರೂ ಚಿತ್ರ ಹಿಡಿದಿರಬೇಕು. ಆಗ ಮಾತ್ರ ಆ ದಾರಿಯನ್ನು ಹಿಂದಕ್ಕೆ ಎಳೆದು, ಸೂರ್ಯನ ಸುತ್ತ ಅದು ಯಾವ ಹಾದಿಯಲ್ಲಿ ತಿರುಗುತ್ತಿತ್ತು, ಮಂಗಳ ಗುರುಗಳ ನಡುವೆ ಸುತ್ತುವ ಬಂಡೆಗಳ ಪಟ್ಟಿಯಲ್ಲಿ ಯಾವ ಮೂಲೆಯಿಂದ ಸಿಡಿದು ಬಂತು ಎಂದು ಹೇಳಬಹುದು.

ಕಂಡವರ ಮಾತನ್ನು ಮಾತ್ರ ನಂಬಿ ಕೂತರೆ ಕೆಟ್ಟಂತೆಯೇ. ಬೆಂಕಿಯುಂಡೆ ಕಂಡವರೆಲ್ಲ "ನಮ್ಮ ಮನೆ ಹಿಂದೇನೇ ಬಿತ್ತು" ಎನ್ನುತ್ತಾರೆ. ಆ ಊರಿನವರೂ ಹಾಗೇ ಅನ್ನುತ್ತಾರೆ, ಅದರಾಚೆಯ ಊರಿನವರೂ ಹಾಗೇ ಅನ್ನುತ್ತಾರೆ. ಕಲ್ಲು ಬಿದ್ದಿರುವುದು ಮೂರನೆಯ ಊರಿನಲ್ಲಿ. ಇಂಥ ಜನರ ಮುಂದೆ ಕಿಡಿಯಕ್ಕ ಬೇರೆಯೇ ಹೆಂಗಸಾಗಿಬಿಡುತ್ತಿದ್ದಳು. "ಅಜ್ಜಿ, ಆಗ ಎಲ್ಲಿ ನಿಂತಿದ್ರಿ? ಸ್ವಲ್ಪ ಅಲ್ಲೇ ನಿಂತು ತೋರಿಸ್ತೀರಾ? ಯಾವ ಗೋಡೆ ಮೇಲಿಂದ ಬಂತು?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದಳು. ಫೋನಿನಲ್ಲಿ ಹಿಡಿದ ಚಿತ್ರವಾದರೆ ಹಿಡಿದ ಜಾಗಕ್ಕೇ ಹೋಗಿ, ಮುಕ್ಕಾಲಿಯ ಮೇಲೆ ಅಳತೆಯ ದುರ್ಬೀನು ಇಟ್ಟು, ಚಿತ್ರದಲ್ಲಿ ಕಾಣುವ ಗೋಡೆ, ಕಂಬಗಳ ದಿಕ್ಕನ್ನು ಅಳೆದುಕೊಂಡು ಬರುತ್ತಿದ್ದಳು. ಹೋಗದೆ ಅಳೆಯಬಾರದು. ಅವಳ ಕಸುಬಿನ ಮೊದಲ ಪಾಠವೇ ಅದು.

ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅವಳು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವುದು ಬೇಡ. ತಾಯಿ ಅವಳ ಜೊತೆಗಿದ್ದಳು. ತಮ್ಮನೊಬ್ಬನಿದ್ದ, ಪೇಟೆಯಲ್ಲಿ ಕನ್ನಡಕದ ಅಂಗಡಿ, ನಗುಮುಖ, ಸಿಹಿ ಮಾತು. ತಾಯಿಯ ಔಷಧಿ, ಸ್ನಾನ, ಊಟ ಮಗಳ ಪಾಲಿಗೆ. ತಾಯಿಯ ಮುದ್ದು ಮಗನ ಪಾಲಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆಯೇ ಇದೆ, ಆದರೆ ಹೆಗ್ಗಣ ಗಂಡಾಗಿದ್ದರೆ ಮುದ್ದು ಇನ್ನಷ್ಟು ಎಂದು ಆ ಗಾದೆ ಹೇಳುವುದಿಲ್ಲ.

ತಾಯಿಯ ಪಿತ್ತಕೋಶದಿಂದ ಕಲ್ಲು ತೆಗೆದ ಮಾರನೆಯ ಸಂಜೆ ಆಕಾಶದಿಂದ ಕಲ್ಲು ಬಿತ್ತು. ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿ ಕೂತಿದ್ದ ಕಿಡಿಯಕ್ಕ, ಸಂಜೆಗೆ ತಮ್ಮ ಬಂದ ಮೇಲೆ ಊರಿನ ಇನ್ನೊಂದು ತುದಿಯ ಸಂಸ್ಥೆಗೆಂದು ಬಸ್ಸು ಹತ್ತಿದ್ದಳು. ಬೀದಿದೀಪ ಹತ್ತುವ ಹೊತ್ತು. ಇದ್ದಕ್ಕಿದ್ದಂತೆ ಬಸ್ಸಿನೊಳಗಿದ್ದವರ ಮುಖವೆಲ್ಲ ಬೆಳ್ಳಗಾಯಿತು, ಆಮೇಲೆ ಎಲ್ಲೋ ದೂರದಲ್ಲಿ ಗುಡುಗಿದ ಸದ್ದು. ಎಷ್ಟೋ ವರ್ಷ ಕಾದ ಬೆಂಕಿಯುಂಡೆ ತಲೆಯ ಮೇಲೇ ಹೋದರೂ ಅವಳು ಕಂಡದ್ದು ಬಸ್ಸಿನ ಚಾವಣಿಯನ್ನು. ಅದಕ್ಕೂ ಕೋಪ ಬಂತು. ಬಸ್ಸಿಳಿದು ಸಂಸ್ಥೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು: ತಾಯಿ ಬಚ್ಚಲಿಗೆ ಹೋಗಲು ತಾನೇ ಎದ್ದು ಜಾರಿ ಬಿದ್ದಿದ್ದಾಳೆ, ಸೊಂಟದ ಮೂಳೆ ಮುರಿದಿದೆ.

ಅವಳು ವಾರ್ಡಿಗೆ ಓಡಿ ಬಂದಾಗ ತಮ್ಮ ಮಂಚದ ಪಕ್ಕ ಬೆವರುತ್ತ ನಿಂತಿದ್ದ.

"ಎರಡೇ ನಿಮಿಷ ಅಕ್ಕ. ಉಸಿರು ಕಟ್ಟಿದ ಹಾಗಾಯ್ತು, ಗಾಳಿಗೆ ಅಂತ ಮೇಲೆ ಟೆರೇಸಿಗೆ ಹೋದೆ. ಆಯಾಗೆ ಹೇಳಿಯೇ ಹೋಗಿದ್ದೆ, ಅಮ್ಮನ ಮೇಲೆ ಒಂದು ಕಣ್ಣಿಟ್ಟಿರಿ ಅಂತ."

ಅದೇ ಹೊತ್ತಿಗೆ ಆಯಾ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದಳು. ಕಿಡಿಯಕ್ಕನಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ನೀಲಿ ಸೀರೆ, ಕಾಲಿಗೆ ರಬ್ಬರ್ ಚಪ್ಪಲಿ.

"ಎಲ್ಲಿ ಹಾಳಾಗಿ ಹೋಗಿದ್ದೆ ನೀನು?"

"ಅಮ್ಮಾ, ನಾನು ಆ ಕಡೆ ವಾರ್ಡಿಂದ ಒಬ್ಬರನ್ನ ಎಕ್ಸ್‌ರೇಗೆ..."

"ಬಾಯಿ ಮುಚ್ಚು! ನೋಡ್ಕೋ ಅಂತ ಹೇಳಿ ಹೋಗಿದ್ದಾನಲ್ಲ, ಕಿವಿ ಇಲ್ವಾ ನಿನಗೆ? ಸಂಬಳ ತಗೊಳ್ಳೋಕೆ ಕೈ ಇರುತ್ತೆ, ಕೆಲಸಕ್ಕೆ ಕಣ್ಣಿರಲ್ವಾ?"

"ನನಗೆ ಯಾರೂ ಹೇಳ್ಲಿಲ್ಲ ತಾಯಿ."

"ಸುಳ್ಳು ಬೇರೆ!"

ಹಾಗೆ ಶುರುವಾದದ್ದು ಬಹಳ ಹೊತ್ತು ನಡೆಯಿತು. ಪಕ್ಕದ ಮಂಚಗಳ ರೋಗಿಗಳು ಎದ್ದು ಕೂತರು. ನರ್ಸುಗಳು ಬಾಗಿಲಲ್ಲಿ ಗುಂಪುಗೂಡಿದರು. ತಾಯಿ ಕಣ್ಣು ಮುಚ್ಚಿ ನರಳುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಮರುದಿನ ಕಿಡಿಯಕ್ಕ ಮೇಟ್ರನ್ ಮುಂದೆ ಕೂತು, ಆ ಹೆಂಗಸು ಈ ಆಸ್ಪತ್ರೆಯಲ್ಲಿ ಇರಕೂಡದು ಎಂದಳು. ಆಯಾಳನ್ನು ಅಂದೇ ತೆಗೆದುಹಾಕಿದರು. ಕಿಡಿಯಕ್ಕನಿಗೆ ಸ್ವಲ್ಪ ಸಮಾಧಾನವಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಕಲ್ಲು ಟೈಲ್ಸ್ ಗೋದಾಮಿನ ಅಂಗಳದಲ್ಲಿ ಸಿಕ್ಕಿತು. ಜೋಡಿಸಿಟ್ಟಿದ್ದ ಟೈಲ್ಸಿನ ಕಟ್ಟೊಂದನ್ನು ಪುಡಿ ಮಾಡಿ ನೆಲದಲ್ಲಿ ಹುದುಗಿತ್ತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಮೈಮೇಲೆ ಕರಿ ಸಿಪ್ಪೆ. ಸಂಸ್ಥೆಯ ಮಾಡಿನ ಮೇಲಿದ್ದ ಕ್ಯಾಮೆರಾ ಬೆಂಕಿಯುಂಡೆಯನ್ನು ಚೆನ್ನಾಗಿ ಹಿಡಿದಿತ್ತು. ಊರಾಚೆಯ ಶಾಲೆಯ ಮೇಲಿದ್ದ ಇನ್ನೊಂದು ಕ್ಯಾಮೆರಾ, ಗೋಡೆಗೆ ಸುಣ್ಣ ಬಳಿಯುವವರು ತಂತಿ ಕಿತ್ತದ್ದರಿಂದ, ಗೊರಕೆ ಹೊಡೆಯುತ್ತಿತ್ತು. ಜನ ಕಳಿಸಿದ ಚಿತ್ರಗಳಲ್ಲಿ ಕೆಲವುಗಳಲ್ಲಿ ಬೆಳಕು ಮಾತ್ರ, ಕೆಲವುಗಳಲ್ಲಿ ಹೊಗೆ ಮಾತ್ರ. ಪೂರ್ತಿ ದಾರಿ ಸಿಕ್ಕಿದ್ದು ಒಂದೇ ಒಂದರಲ್ಲಿ, ಅದು ತಮ್ಮನ ಫೋನಿನದು. ಆಸ್ಪತ್ರೆಯ ಟೆರೇಸಿನಲ್ಲಿ ನಿಂತು ಆಕಾಶದ ಬಣ್ಣ ಹಿಡಿಯುತ್ತಿದ್ದಾಗ ಅದೃಷ್ಟಕ್ಕೆ ಸಿಕ್ಕಿತು ಎಂದಿದ್ದ. ಅಕ್ಕನಿಗೆ ತೋರಿಸುವ ಮೊದಲೇ ಅದನ್ನು ಹತ್ತಾರು ಜನರಿಗೆ ಕಳಿಸಿ ಮೆರೆದೂ ಆಗಿತ್ತು.

ಬೇರೆ ಯಾರದೇ ಚಿತ್ರವಾಗಿದ್ದರೆ ಕಿಡಿಯಕ್ಕ ಮುಕ್ಕಾಲಿ ಹೊತ್ತುಕೊಂಡು ಹೋಗಿ ಅಲ್ಲಿ ನಿಲ್ಲುತ್ತಿದ್ದಳು. ಆದರೆ ಇವನು ಒಡಹುಟ್ಟಿದವನು. ಜೊತೆಗೆ, ಮೂಳೆ ಕೂರಿಸಿ ತಾಯಿಯನ್ನು ಮನೆಗೆ ಕರೆತಂದ ಮೇಲೆ, ಆ ಆಸ್ಪತ್ರೆಯ ಮೆಟ್ಟಿಲು ಮತ್ತೆ ತುಳಿಯಲು ಅವಳಿಗೆ ಮನಸ್ಸಿರಲಿಲ್ಲ. ಚಿತ್ರದಲ್ಲಿ ಕೆಂಪು ಬಿಳಿ ಪಟ್ಟೆಯ ಮೊಬೈಲ್ ಟವರ್ ಒಂದು ಕಾಣುತ್ತಿತ್ತು. ಆಸ್ಪತ್ರೆಯ ಹತ್ತಿರ ಅಂಥ ಟವರ್ ಇರುವುದೂ ನಿಜ. ನಕ್ಷೆಯ ಮೇಲೆ ಗೆರೆ ಎಳೆದು ದಿಕ್ಕು ತೆಗೆದುಕೊಂಡಳು. ಅಂಥ ಟವರುಗಳು ಎಲ್ಲ ಬಡಾವಣೆಯಲ್ಲೂ ಒಂದೇ ತಾಯಿಯ ಮಕ್ಕಳಂತೆ ನಿಂತಿರುತ್ತವೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಲೆಕ್ಕದ ಉತ್ತರ ಕಂಡು ಅವಳ ಹುಬ್ಬು ಗಂಟಾಯಿತು. ಸೂರ್ಯನ ಹಿಡಿತಕ್ಕೇ ಸಿಗದಷ್ಟು ವೇಗ. ಎಂದರೆ ಈ ಕಲ್ಲು ನಮ್ಮ ಸೂರ್ಯನ ಸಂಸಾರದ್ದೇ ಅಲ್ಲ, ಬೇರೆ ಯಾವುದೋ ನಕ್ಷತ್ರದ ಕಡೆಯಿಂದ ಬಂದದ್ದು.

ಸಂಸ್ಥೆಯ ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ಗೊತ್ತಾಗ್ತಿದೆಯೇನಮ್ಮ ಇದು ಎಂಥ ಸಂಗತಿ ಅಂತ? ಹೊರಗಿನ ಕಲ್ಲು! ನಮ್ಮ ಅಂಗಳಕ್ಕೆ! ವಾರದೊಳಗೆ ಪತ್ರಿಕೆಯವರನ್ನ ಕರೆಸ್ತೀನಿ."

"ಸರ್, ಇಂಥ ಉತ್ತರ ಬಂದಾಗ ಮೊದಲು ನಮ್ಮ ಅಳತೆಯ ಕಿವಿ ಹಿಂಡಬೇಕು. ಕಲ್ಲನ್ನ ಸೀಳಿ ನೋಡಿದ್ದಾರೆ, ತೀರಾ ಮಾಮೂಲಿ ಜಾತಿ. ಮೈಯೆಲ್ಲ ನಮ್ಮ ಮನೆಯವರ ಹಾಗೇ ಇದೆ, ಬಂದದ್ದು ಮಾತ್ರ ಪರದೇಶದಿಂದ ಅಂದ್ರೆ ಹೇಗೆ ನಂಬೋದು?"

"ನಿಮಗೆ ಸಂತೋಷ ಪಡೋಕೂ ಸಿಟ್ಟೇ ಬೇಕಲ್ರೀ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇದನ್ನ ನಾನು ಪ್ರತ್ಯಕ್ಷವಾಗಿಯೂ ನೋಡಿಲ್ಲ, ಪ್ರಮಾಣಿಸಿಯೂ ನೋಡಿಲ್ಲ. ಆ ಜಾಗಕ್ಕೆ ಹೋಗಿ ಬರ್ತೀನಿ ಸರ್."

ಮರುದಿನ ಮಧ್ಯಾಹ್ನ ಮುಕ್ಕಾಲಿ ಹೆಗಲಿಗೇರಿಸಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಕೊನೆಯ ಮಹಡಿಯ ಮೇಲೆ ಕಬ್ಬಿಣದ ಬಾಗಿಲು, ಅದಕ್ಕೆ ತುಕ್ಕು ಹಿಡಿದ ಬೀಗ. ಕೆಳಗಿಳಿದು ವಾಚ್‌ಮನ್‌ನನ್ನು ಹಿಡಿದಳು.

"ಟೆರೇಸಾ? ಅದನ್ನ ತೆಗೆದು ಎಷ್ಟೋ ಕಾಲ ಆಯ್ತಲ್ಲಮ್ಮ. ಟ್ಯಾಂಕು ಒಡೆದು ಚಪ್ಪಡಿಯೆಲ್ಲ ನೆನೆದು ಕೂತಿದೆ, ಕಾಲಿಟ್ರೆ ಕೆಳಗಿನ ವಾರ್ಡಲ್ಲೇ ಇರ್ತೀರ."

"ಯಾರಾದ್ರೂ ಹೇಗಾದ್ರೂ ಹೋಗಿರಬಹುದಲ್ಲ?"

ವಾಚ್‌ಮನ್ ಸೊಂಟದ ಬೀಗದಕೈ ಗೊಂಚಲು ಕುಲುಕಿ ತೋರಿಸಿದ. "ಇದು ನನ್ನ ಸೊಂಟ ಬಿಟ್ಟು ಹೋಗಲ್ಲಮ್ಮ. ಬೀಗವೇ ಕೂತುಬಿಟ್ಟಿದೆ, ಈಗ ತೆಗೀಬೇಕಂದ್ರೂ ಸುತ್ತಿಗೆ ಬೇಕು."

ಕಿಡಿಯಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೊದಲು ನೆನಪಾದದ್ದು ಕಲ್ಲಲ್ಲ, 'ನನಗೆ ಯಾರೂ ಹೇಳ್ಲಿಲ್ಲ ತಾಯಿ' ಎಂದ ಆ ಮುಖ. ಆಮೇಲೆ ಕೋಪ ಬಂತು, ಹಿಂದೆಂದೂ ಬಾರದಂಥ ಕೋಪ. ಮುಕ್ಕಾಲಿಯನ್ನು ಹಾಗೇ ಹೊತ್ತು ಪೇಟೆಯತ್ತ ನಡೆದಳು.

ಕನ್ನಡಕದ ಅಂಗಡಿಯಲ್ಲಿ ತಮ್ಮ ಗಿರಾಕಿಯೊಬ್ಬನ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದ. ಗೋಡೆ ತುಂಬ ಕನ್ನಡಿ. ಎಲ್ಲ ಕನ್ನಡಿಯಲ್ಲೂ ಕಿಡಿಯಕ್ಕ ಒಳಗೆ ಬಂದಳು.

"ಆ ಚಿತ್ರ ಎಲ್ಲಿ ನಿಂತು ಹಿಡಿದೆ?"

"ಹೇಳಿದ್ನಲ್ಲ ಅಕ್ಕ, ಆಸ್ಪತ್ರೆ ಟೆರೇಸಲ್ಲಿ..."

"ಅದಕ್ಕೆ ಬೀಗ ಹಾಕಿ ಎಷ್ಟೋ ಕಾಲ ಆಗಿದೆ. ಇನ್ನೊಂದು ಸುಳ್ಳು ಹೇಳಿದ್ರೆ ಈ ಮುಕ್ಕಾಲೀಲೇ ಹಾಕ್ತೀನಿ."

ಗಿರಾಕಿ ಹೊಸ ಫ್ರೇಮು ಮೂಗಿನ ಮೇಲಿರುವಂತೆಯೇ ಹೊರಗೆ ಹೋದ. ತಮ್ಮ ಕೈಯಲ್ಲಿದ್ದ ಬಟ್ಟೆಯಿಂದ ಏನೂ ಇಲ್ಲದ ಗಾಜನ್ನು ಒರೆಸತೊಡಗಿದ.

"ಅಮ್ಮ ನಿದ್ದೆ ಮಾಡ್ತಿದ್ಲು. ಊರಾಚೆ ಹೊಸ ಬಡಾವಣೆಯಲ್ಲಿ ಗೆಳೆಯನ ಮನೆ... ಇಸ್ಪೀಟಿಗೆ ಒಂದು ಕೈ ಕಡಿಮೆ ಇತ್ತು. ಒಂದೇ ಆಟ ಅಂತ ಹೋದೆ. ಅವನ ಮಹಡಿ ಮೇಲೆ ಕೂತಿದ್ವಿ."

"ಆಯಾಗೆ ಹೇಳಿ ಹೋದ್ಯಾ?"

ಅವನು ಗಾಜು ಒರೆಸಿದ.

"ಬಾಯಿ ಬಿಡು!"

"ಇಲ್ಲ. ಆಸ್ಪತ್ರೆಯಿಂದ ಫೋನು ಬಂತು, ನೀನು ಬರೋ ಮೊದಲು ಓಡಿ ಬಂದೆ. ಬಾಯಿಗೆ ಬಂದಿದ್ದು ಹೇಳಿದೆ. ಅದೇನು ಅಷ್ಟು ದೊಡ್ಡ ವಿಷಯ ಅಕ್ಕ, ಒಬ್ಬ ಆಯಾ ತಾನೇ. ಆ ಕೆಲಸ ಅವಳಿಗೆ ಎಲ್ಲಿ ಹೋದ್ರೂ ಸಿಗುತ್ತೆ."

ಕಿಡಿಯಕ್ಕ ಮೇಜಿನ ಮೇಲಿದ್ದ ತಟ್ಟೆಯನ್ನು ಎತ್ತಿ ನೆಲಕ್ಕೆ ಕುಕ್ಕಿದಳು. ಫ್ರೇಮುಗಳು ಕುರ್ಚಿ ಕೆಳಗೆಲ್ಲ ಚೆಲ್ಲಾಡಿದವು. ತಮ್ಮ ಅವನ್ನು ಹೆಕ್ಕಲು ಬಗ್ಗಿ, ಮುಖ ಮೇಲೆತ್ತದೆಯೇ ಹೇಳಿದ: "ನನ್ನೊಬ್ಬನನ್ನೇ ಯಾಕೆ ಬೈತೀಯ? ಅಮ್ಮನಿಗೂ ಗೊತ್ತು. ಅಕ್ಕನಿಗೆ ಹೇಳ್ಬೇಡ ಅಂದಿದ್ದೇ ಅವಳು."

ಮನೆಯಲ್ಲಿ ತಾಯಿ ಹಜಾರದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು, ಕೈಗೆಟಕುವಂತೆ ಊರುಗೋಲು. ಮಗಳ ಮುಖ ನೋಡಿದೊಡನೆ ಅವಳಿಗೆ ಅರ್ಥವಾಯಿತು.

"ನಿನಗೆ ಗೊತ್ತಿತ್ತಾ ಅಮ್ಮ?"

"ಎಚ್ಚರ ಆದಾಗ ಕುರ್ಚಿ ಖಾಲಿ ಇತ್ತು. ಬಹಳ ಹೊತ್ತು ನೋಡಿದೆ. ಆಮೇಲೆ ನಾನೇ ಎದ್ದೆ."

"ಮತ್ತೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ? ಆ ಹೆಂಗಸಿನ ಕೆಲಸ ಹೋಯ್ತು!"

"ಅವಳು ಹೊರಗಿನೋಳು ಕಣೆ. ಇವನು ನನ್ನ ಹೊಟ್ಟೇಲಿ ಹುಟ್ಟಿದೋನು. ನಿನ್ನ ಬಾಯಿಗೆ ಅವನನ್ನ ಕೊಡೋದು ಹೇಗೆ?" ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನಂತೂ ಅವಳಿಗೆ ಒಂದು ಮಾತು ಅನ್ಲಿಲ್ಲ. ಕೂಗಾಡಿದ್ದು ನೀನು, ಕೆಲಸ ತೆಗೆಸಿದ್ದೂ ನೀನು."

ಕಿಡಿಯಕ್ಕ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ತಾಯಿಯ ಮೇಲೆ ಕೋಪ, ತಮ್ಮನ ಮೇಲೆ ಕೋಪ. ಇವರಿಬ್ಬರ ನಡುವೆ ಇಷ್ಟು ವರ್ಷ ಕತ್ತೆಯಂತೆ ದುಡಿದ ತನ್ನ ಮೇಲೂ ಕೋಪ. ಆದರೆ ತಾಯಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವಳು ಅವಳೇ. ತಾಯಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು. ಕೊಟ್ಟಳು.

ಮಾರನೆಯ ದಿನ ತಮ್ಮನನ್ನು ಮುಂದಿಟ್ಟುಕೊಂಡು ಆ ಗೆಳೆಯನ ಮಹಡಿಗೆ ಹೋದಳು. ಅಲ್ಲಿಯೂ ಕೆಂಪು ಬಿಳಿ ಟವರ್. ಚಿತ್ರದ ಅಂಚಿನಲ್ಲಿ ಕಾಣುತ್ತಿದ್ದ ಇಟ್ಟಿಗೆಯ ಮೋಟುಗೋಡೆಯೂ ಅಲ್ಲೇ ಇತ್ತು. ಅಳೆದಳು, ಹೊಸದಾಗಿ ಲೆಕ್ಕ ಹಾಕಿದಳು. ನಿಂತ ಜಾಗ ತಪ್ಪಾಗಿದ್ದರಿಂದ ಬೆಂಕಿಯುಂಡೆ ನಿಜಕ್ಕಿಂತ ಬಹಳ ದೂರದಲ್ಲಿತ್ತೆಂದು ಲೆಕ್ಕ ತಿಳಿದಿತ್ತು. ದೂರ ಹೆಚ್ಚಿದರೆ ಅಷ್ಟೇ ಹೊತ್ತಿನಲ್ಲಿ ಓಡಿದ ದಾರಿಯೂ ಹೆಚ್ಚು, ವೇಗವೂ ಹೆಚ್ಚು. ಈಗ ಎಲ್ಲ ಇಳಿದು ತಮ್ಮ ತಮ್ಮ ಜಾಗದಲ್ಲಿ ಕೂತವು. ಕಲ್ಲು ಬಂದದ್ದು ಮಂಗಳನಾಚೆಯ ಬಂಡೆಗಳ ಪಟ್ಟಿಯ ಒಳ ಅಂಚಿನಿಂದ. ಹೊರಗಿನದಲ್ಲ, ಮನೆಯದೇ.

ನಿರ್ದೇಶಕರ ಮುಖ ಇಳಿಯಿತು. "ಮೊದಲು ಯಾಕೆ ತಪ್ಪಿತು?"

"ಚಿತ್ರ ಹಿಡಿದವನು ನಿಂತ ಜಾಗದ ಬಗ್ಗೆ ಸುಳ್ಳು ಹೇಳಿದ್ದ. ನನ್ನ ತಮ್ಮ ಅಂತ ನಾನು ಹೋಗಿ ನೋಡ್ಲಿಲ್ಲ."

ಅಲ್ಲಿಂದ ತಮ್ಮನನ್ನು ಕರೆದುಕೊಂಡು ನೇರ ಮೇಟ್ರನ್ ಕೋಣೆಗೆ. ತಮ್ಮ ನೆಲ ನೋಡುತ್ತ ನಡೆದದ್ದನ್ನು ಗೊಣಗಿದ. ಮೇಟ್ರನ್ ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, "ಅವಳು ಬರೋದಾದ್ರೆ ಬರಲಿ, ಜಾಗ ಇದೆ" ಎಂದಳು. ಅಷ್ಟಕ್ಕೇ ಕಿಡಿಯಕ್ಕನ ಎದೆ ಹಗುರಾಯಿತು. ಒಳ್ಳೆಯ ಸುದ್ದಿ ಒಯ್ಯುವವರ ಬಿರುಸಿನಲ್ಲಿ ಆಯಾಳನ್ನು ಹುಡುಕಿಕೊಂಡು ಹೊರಟಳು.

ಆಯಾ ಸಿಕ್ಕಿದ್ದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ತಗಡಿನ ಮಾಡು, ಒಳಗೆ ಹಬೆ, ಸೋಡಾದ ವಾಸನೆ. ಅದೇ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಆಯಾ ಇನ್ನೊಬ್ಬಳ ಜೊತೆ ಎರಡು ತುದಿ ಹಿಡಿದು ಬಿಸಿ ಉರುಳೆಗೆ ಕೊಡುತ್ತಿದ್ದಳು. ಬೆರಳ ತುದಿಗಳೆಲ್ಲ ಕೆಂಪಾಗಿದ್ದವು. ಕಿಡಿಯಕ್ಕ ಎಲ್ಲವನ್ನೂ ಹೇಳಿದಳು. ಕ್ಷಮೆ ಕೇಳಿದಳು. ಕೆಲಸ ವಾಪಸ್ಸು ಸಿಗುತ್ತದೆ ಎಂದಳು. ಆಯಾ ಕೈಯಲ್ಲಿದ್ದ ಬಟ್ಟೆ ಮುಗಿಯುವವರೆಗೂ ತಿರುಗಲಿಲ್ಲ.

"ಬೆಂಕಿಯುಂಡೆ ಬಿದ್ದ ಮೇಲೆ ನೀವು ನಮ್ಮ ಬೀದಿಗೂ ಬಂದಿದ್ರಿ" ಎಂದಳು. "ನಾನು ಒಳಗಿದ್ದೆ, ನಿಮ್ಮ ಮುಖ ನೋಡೋಕೆ ಮನಸ್ಸಿರ್ಲಿಲ್ಲ. ನಮ್ಮತ್ತೆ ಹತ್ರ ಎಷ್ಟು ಸಮಾಧಾನವಾಗಿ ಮಾತಾಡಿದ್ರಿ. ಒಂದು ಕಲ್ಲಿಗೋಸ್ಕರ ಊರೆಲ್ಲ ಸುತ್ತಿ, ಕಂಡಕಂಡವರನ್ನೆಲ್ಲ ಕೂರಿಸಿಕೊಂಡು ವಿಚಾರಿಸ್ತೀರಿ. ನನ್ನ ಅನ್ನದ ವಿಷಯಕ್ಕೆ ಬಂದಾಗ ನನ್ನ ಒಂದು ಮಾತು ಪೂರ್ತಿ ಕೇಳೋಕೆ ಆಗ್ಲಿಲ್ವಾ ನಿಮಗೆ?"

ಆಯಾ ಬುಟ್ಟಿಯಿಂದ ಇನ್ನೊಂದು ಹಾಸಿಗೆ ಬಟ್ಟೆ ಎತ್ತಿ ಕೊಡವಿದಳು.

"ನಾನು ಬರ್ತೀನಿ ಕೆಲಸಕ್ಕೆ. ಬಿಡೋಕೆ ನನಗೇನು ಹುಚ್ಚಾ. ಆದರೆ ಮೇಟ್ರನ್ ಕೋಣೇಲಿ ಗೊಣಗಿದ್ದು ನನಗೆ ಸಾಲದು. ಮರ್ಯಾದೆ ಹೋಗಿದ್ದು ವಾರ್ಡಲ್ಲಿ."

ರೋಗಿಗಳನ್ನು ನೋಡಲು ಬರುವವರ ಹೊತ್ತಿನಲ್ಲಿ ಕಿಡಿಯಕ್ಕ ತಮ್ಮನನ್ನೂ ಕರೆದುಕೊಂಡು ವಾರ್ಡಿಗೆ ಬಂದಳು. ಮಂಚಗಳೆಲ್ಲ ತುಂಬಿದ್ದವು, ಮಂಚಕ್ಕೆ ಇಬ್ಬರು ಮೂವರು ನೆಂಟರು. ನರ್ಸುಗಳು ಔಷಧಿಯ ಗಾಡಿಯ ಸುತ್ತ ನಿಂತಿದ್ದರು. ಆಯಾ ಆಚೆ ತುದಿಯ ಕಿಟಕಿಯ ಪಕ್ಕದಲ್ಲಿದ್ದಳು, ನೀಲಿ ಸೀರೆಯನ್ನು ಇನ್ನೂ ಉಟ್ಟಿರಲಿಲ್ಲ, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕಿಡಿಯಕ್ಕ ನಡುವೆ ನಿಂತು ಬಾಯಿ ತೆರೆದಳು. ಹುಟ್ಟಿದಂದಿನಿಂದ ಕೈಕೊಡದ ಗಂಟಲು ಆವತ್ತು ಕೈಕೊಟ್ಟಿತು.

"ಅವತ್ತು ನಮ್ಮಮ್ಮ ಬಿದ್ದಿದ್ದು ಇವರ ತಪ್ಪಿಂದ ಅಲ್ಲ. ಇವರಿಗೆ ಯಾರೂ ಏನೂ ಹೇಳಿರ್ಲಿಲ್ಲ. ನಾನು ವಿಚಾರಿಸದೆ ಬೈದೆ."

"ಕೇಳಿಸ್ಲಿಲ್ಲ" ಎಂದಳು ಆಯಾ. ಕಣ್ಣು ಕೆಂಡದಂತಿತ್ತು. "ಅವತ್ತು ಕೆಳಗೆ ಗೇಟಿನ ತನಕ ಕೇಳಿಸಿತ್ತು. ಅಷ್ಟೇ ಜೋರಾಗಿ ಬೇಕು."

ಕಿಡಿಯಕ್ಕನ ಮುಖಕ್ಕೆ ರಕ್ತ ನುಗ್ಗಿತು. ಒಂದು ಕ್ಷಣ, ಹಳೆಯ ಚಾಳಿ, ತಿರುಗಿ ಬೈದೇಬಿಡುತ್ತಾಳೆ ಎಂದು ನರ್ಸುಗಳಿಗೆ ಅನ್ನಿಸಿತು. ಅವಳು ಉಗುಳು ನುಂಗಿ, ಉಸಿರೆಳೆದುಕೊಂಡು, ಅದೇ ಮಾತನ್ನು ಮೊದಲಿಂದ ಹೇಳಿದಳು. ಈ ಸಲ ಹಜಾರದಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು.

ಆಯಾ ತಲೆಯಾಡಿಸಿದಳು. ಆಮೇಲೆ ಅವಳ ನೋಟ ಕಿಡಿಯಕ್ಕನನ್ನು ದಾಟಿ ಹಿಂದಕ್ಕೆ ಹೋಯಿತು.

"ಈಗ ನಿಮ್ಮ ತಮ್ಮ ಹೇಳ್ಲಿ."

ಕಿಡಿಯಕ್ಕ ತಿರುಗಿ ನೋಡಿದಳು. ಬಾಗಿಲಾಚೆ ನಿಂತಿದ್ದ ತಮ್ಮ ಆಗಲೇ ಮೆಟ್ಟಿಲಿನ ಕಡೆಗೆ ಸರಿಯುತ್ತಿದ್ದ. ಅವಳು ಹೋಗಿ, ಅವನ ರಟ್ಟೆ ಹಿಡಿದು ಎಳೆತಂದು, ಮಂಚಗಳ ನಡುವೆ ನಿಲ್ಲಿಸಿದಳು.